ಚಾರ್ಜರ್ ಇದೆ, ಫೋನ್ ಎತ್ತೋರಿಲ್ಲ

ಎಲ್ರಿಗೂ ನಮಸ್ಕಾರ. ಈ ಮಳೇಲೂ ಇಷ್ಟು ಜನ ಬಂದಿದೀರ, ಅದೂ ಕರೆಂಟ್ ಬಗ್ಗೆ ಕೇಳಕ್ಕೆ. ನಿಮ್ಮಲ್ಲಿ ಅರ್ಧ ಜನರ ಮನೇಲಿ ಈಗ ಕರೆಂಟೇ ಇರಲ್ಲ ಅಂತ ನಂಗೊತ್ತು, ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದಿರತ್ತೆ, ಹಿಂದುಗಡೆ ಪ್ಲಗ್ ಪಾಯಿಂಟ್ ಇದೆ, ಫೋನ್ ಚಾರ್ಜಿಗೆ ಹಾಕೋರು ಹಾಕ್ಕೊಳಿ, ಸಂಕೋಚ ಬೇಡ.

ನಾನು ಭಾಷಣ ಮಾಡೋನಲ್ಲ. ಕುಶಾಲನಗರದಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಕೆಲಸ ನಂದು, ಮುಂಚೆ ತೋಟದ ಮೋಟ್ರು ಪಂಪ್‌ಸೆಟ್ಟು ಅಂತ ಓಡಾಡ್ತಿದ್ದೆ, ಈಗ ನಾಲ್ಕೈದು ವರ್ಷದಿಂದ ಹೋಂಸ್ಟೇಗಳಿಗೆ ಎಲೆಕ್ಟ್ರಿಕ್ ಕಾರ್ ಚಾರ್ಜರ್ ಹಾಕ್ತಿದೀನಿ. ಕಂಪನಿಗಳು ಕೆಲಸದೋರನ್ನ ತೆಗೆದ್ರೆ ಚಾರ್ಜರ್‌ಗೆ ಏನಾಗತ್ತೆ ಅಂತ ಮಾತಾಡಿ ಅಂದಾಗ ನಂಗೆ ನಗು ಬಂತು, ಯಾಕಂದ್ರೆ ಅದನ್ನ ನಾನು ಪೇಪರಲ್ಲಿ ಓದೋಕ್ಕಿಂತ ಮುಂಚೆ ಸಿದ್ದಾಪುರ ಕಡೆ ಒಂದು ಹೋಂಸ್ಟೇ ಶೆಡ್ಡಲ್ಲಿ ಟಾರ್ಚ್ ಹಿಡ್ಕೊಂಡು ನೋಡಿದೀನಿ.

ಅಲ್ಲಿ ಆಗಿದ್ದು ಇಷ್ಟು. ಒಂದು ಕಂಪನಿ, ಹೆಸರು ಬೇಡ, 7.4 ಕಿಲೋವ್ಯಾಟ್ ಟೈಪ್ 2, ಅಂದ್ರೆ ಆ ಥರದ ಪ್ಲಗ್ಗಿನ ಚಾರ್ಜರ್ ಕೊಡ್ತು. ಮಿಷಿನ್ ಅವರ್ದು, ಜಾಗ ಮತ್ತೆ ಕರೆಂಟು ಹೋಂಸ್ಟೇ ನಡೆಸೋ ಅಕ್ಕಂದು, ಬಂದ ದುಡ್ಡಲ್ಲಿ ಪಾಲು. ಕಂಪನಿ ಕಡೆಯಿಂದ ಈ ಏರಿಯಾ ನೋಡ್ಕೊಳಕ್ಕೆ ಒಬ್ಬ ಹುಡ್ಗ ಇದ್ದ, ಮೈಸೂರಿಂದ ಬೈಕಲ್ಲಿ ಬರ್ತಿದ್ದ, ಚೂಟಿ ಹುಡ್ಗ, ಯಾವ ಮನೇಲಿ ಅರ್ಥಿಂಗ್ ವೀಕು, ಯಾವ ಮನೇಲಿ ಸಂಜೆ ವೋಲ್ಟೇಜ್ ಇಳಿಯತ್ತೆ, ಎಲ್ಲ ಬಾಯಲ್ಲೇ ಹೇಳೋನು. ಒಂದು ದಿನ ಅವನ ಆಫೀಸ್ ನಂಬರ್ ಸ್ವಿಚ್ ಆಫ್. ಸ್ವಂತ ನಂಬರಿಗೆ ಮಾಡಿದ್ರೆ "ಅಣ್ಣ, ನಮ್ಮ ಟೀಮನ್ನೇ ತೆಗೆದ್ರು, ಲ್ಯಾಪ್‌ಟಾಪ್ ಕೂಡ ವಾಪಸ್ ಕೊಟ್ಟಾಯ್ತು" ಅಂದ.

ಆಮೇಲೆ ಎರಡು ತಿಂಗಳು ಏನೂ ಆಗ್ಲಿಲ್ಲ. ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ಏನೂ ಆಗ್ಲಿಲ್ಲ, ಚಾರ್ಜರ್ ಚೆನ್ನಾಗೇ ಓಡ್ತು, ಅಕ್ಕನೂ "ಅವ್ನಿಲ್ದೇನೂ ನಡೀತದಲ್ಲ" ಅಂದ್ರು. ಮೂರನೇ ತಿಂಗಳು ನಿಂತೋಯ್ತು. ನಾನು ಹೋಗಿ ನೋಡಿದ್ರೆ ಎಂಸಿಬಿ ಸರಿ ಇದೆ, ವೋಲ್ಟೇಜ್ ಸರಿ ಇದೆ, ಅರ್ಥಿಂಗ್ ಸರಿ ಇದೆ, ಲೈಟೂ ಉರೀತಿದೆ, ಆದ್ರೆ ಕಂಪನಿ ಆಪಲ್ಲಿ ಆಫ್‌ಲೈನ್, ಆಪಿಂದ ಶುರು ಮಾಡದೆ ಅದು ಚಾರ್ಜೇ ಮಾಡಲ್ಲ. ಅರ್ಧ ದಿನ ತಲೆ ಕೆಡಿಸ್ಕೊಂಡ ಮೇಲೆ ಆ ಹುಡ್ಗನ್ನೇ ಕೇಳಿದೆ. "ಒಳಗಡೆ ಒಂದು ಸಿಮ್ ಇದೆ ಅಣ್ಣ, ಡೇಟಾ ಪ್ಲಾನ್ ಮುಗ್ದಿರ್ಬೇಕು, ಅದರ ಲಿಸ್ಟ್ ನಾನೇ ಇಟ್ಕೊಂಡಿದ್ದೆ." ಸಿಮ್ ರೀಚಾರ್ಜ್ ಮಾರಾಯ್ರೆ! ಲಕ್ಷದ ಲೆಕ್ಕದ ಕೆಲಸ ನಿಂತಿದ್ದು ಒಂದು ರೀಚಾರ್ಜಿಗೆ. ನಾವೇ ಮಾಡೋಣ ಅಂದ್ರೆ ಸಿಮ್ ಕಂಪನಿ ಹೆಸರಲ್ಲಿದೆ, ನಂಬರೂ ಗೊತ್ತಿಲ್ಲ. ಹೆಲ್ಪ್‌ಲೈನಿಗೆ ಫೋನ್ ಮಾಡಿದ್ರೆ ಟಿಕೆಟ್ ನಂಬರ್ ಕೊಟ್ರು, ನಾಲ್ಕನೇ ದಿನ "ನಿಮ್ಮ ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಬಂತು. ಯಾರದ್ದು ಬಗೆಹರೀತೋ.

ಅದೇ ವಾರ ಬೆಂಗಳೂರಿಂದ ಒಂದು ಫ್ಯಾಮಿಲಿ 9 ಪರ್ಸೆಂಟ್ ಬ್ಯಾಟರಿ ಇಟ್ಕೊಂಡು ಬಂದಿಳೀತು. ಅಡುಗೆ ಮನೆ ಹಿಂದೆ ಗ್ರೈಂಡರ್‌ಗೆ ಅಂತ ಹಾಕಿದ್ದ 15 ಆಂಪ್ ಸಾಕೆಟ್ಟಿಂದ ರಾತ್ರಿ 9ಕ್ಕೆ ಹಾಕಿ ಬೆಳಗ್ಗೆ 7ಕ್ಕೆ ತೆಗೆದ್ವಿ. ಗಂಟೆಗೆ 3 ಯೂನಿಟ್ ಅಂತ ಇಟ್ಕೊಂಡ್ರೂ 30 ಯೂನಿಟ್, ಸಣ್ಣ ಕಾರಿಗೆ ಧಾರಾಳ ಆಯ್ತು. ಬೆಳಗ್ಗೆ ಕಡುಬಿಗೆ ತರಿ ಮಾಡ್ಕೊಳಕ್ಕೆ ಗ್ರೈಂಡರ್ ಪ್ಲಗ್ ಸಿಗ್ಲಿಲ್ಲ ಅಂತ ಅಕ್ಕ ನಂಗೆ ಬೈದ್ರು, ಅದು ಬೇರೆ ವಿಷ್ಯ.

ಈಗ ಇದನ್ನೇ ದೊಡ್ಡದು ಮಾಡಿ ನೋಡಿ. 2024ರ ಏಪ್ರಿಲ್ ಕೊನೇಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿಯ ಎಲಾನ್ ಮಸ್ಕ್ ತನ್ನ ಸೂಪರ್‌ಚಾರ್ಜರ್, ಅಂದ್ರೆ ಕಾರನ್ನ ಬೇಗ ಚಾರ್ಜ್ ಮಾಡೋ ಸ್ಟೇಷನ್‌ಗಳ ಟೀಮನ್ನ ಹೆಚ್ಚುಕಮ್ಮಿ ಪೂರ್ತಿಯಾಗಿ ತೆಗೆದ್ಬಿಟ್ರು, ಸುಮಾರು 500 ಜನ, ಅವರ ಹೆಡ್ ಆಗಿದ್ದ ರೆಬೆಕಾ ಟಿನುಚಿ ಸಮೇತ. ನಷ್ಟದಲ್ಲಿ ಮುಳುಗ್ತಿದ್ದ ಡಿಪಾರ್ಟ್‌ಮೆಂಟ್ ಇರ್ಬೇಕು ಅಂದ್ಕೋತೀರ, ಅಲ್ಲ. 2012ರಲ್ಲಿ ಶುರುವಾಗಿದ್ದು, 2023ರಲ್ಲಿ ಪ್ರಪಂಚದಲ್ಲಿ 50,000 ಚಾರ್ಜರ್ ದಾಟಿತ್ತು, ಅದೇ ವರ್ಷ ಫೋರ್ಡು, ಜನರಲ್ ಮೋಟರ್ಸು, ಅಂದ್ರೆ ಎದುರಾಳಿಗಳೇ, ನಿಮ್ಮ ಪ್ಲಗ್ಗೇ ನಮಗೂ ಇರ್ಲಿ ಅಂತ ಒಪ್ಕೊಂಡಿದ್ರು. ಊರೆಲ್ಲ ನಮ್ಮನೆ ಬಾವಿಗೆ ನೀರಿಗೆ ಬರೋ ಟೈಮಲ್ಲಿ ಹಗ್ಗ ಕತ್ತರಿಸಿದಂಗೆ.

ಮರುದಿನ ಚಾರ್ಜರ್‌ಗಳು ಕೆಟ್ಟೋದ್ವಾ? ಇಲ್ಲ. ಅಲ್ಲೂ ನಮ್ಮ ಅಕ್ಕನ ಎರಡು ತಿಂಗಳ ಕಥೆನೇ, ಇರೋ ಚಾರ್ಜರ್ ಓಡ್ತಾನೇ ಇತ್ತು. ನಿಂತಿದ್ದು ಕಣ್ಣಿಗೆ ಕಾಣದ ಕೆಲಸ. ಹೊಸ ಜಾಗ ಹುಡ್ಕೋರು, ಜಾಗದ ಓನರ್ ಹತ್ರ ಬಾಡಿಗೆ ಮಾತಾಡೋರು, ಕರೆಂಟ್ ಕಂಪನಿ ಹತ್ರ ಟ್ರಾನ್ಸ್‌ಫಾರ್ಮರ್‌ಗೆ ಓಡಾಡೋರು, ಕಂಟ್ರಾಕ್ಟರ್ ಬಿಲ್ ಪಾಸ್ ಮಾಡೋರು, ಇವರೇ ಆ 500 ಜನ. ಅರ್ಧ ಅಗೆದ ಗುಂಡಿ ಪಕ್ಕ ನಿಂತ್ಕೊಂಡು ಕಂಟ್ರಾಕ್ಟರ್‌ಗಳು ಯಾರಿಗೆ ಫೋನ್ ಮಾಡೋದು ಅಂತ ಒದ್ದಾಡಿದ್ರು, ನಂಗೆ ಮಾತ್ರ ಆ ಕಂಟ್ರಾಕ್ಟರ್‌ಗಳ ಮೇಲೇ ಅಯ್ಯೋ ಅನ್ಸಿದ್ದು, ನಮ್ಮ ಜಾತಿ ಅದು. ಮಸ್ಕ್ ಹೇಳಿದ್ದು, ಹೊಸ ಜಾಗ ನಿಧಾನಕ್ಕೆ ಮಾಡ್ತೀವಿ, ಇರೋದನ್ನ ಚೆನ್ನಾಗಿಟ್ಕೋತೀವಿ ಅಂತ. ಎರಡು ವಾರ ಆಗೋ ಒಳಗೆ, ಈ ವರ್ಷ 50 ಕೋಟಿ ಡಾಲರ್‌ಗಿಂತ ಜಾಸ್ತಿ ಹಾಕ್ತೀವಿ ಅಂದ್ರು, ತೆಗೆದವರಲ್ಲಿ ಕೆಲವರನ್ನ ವಾಪಸ್ ಕರೆದ್ರು.

ಇಲ್ಲಿ ತೋಟ ಇರೋರಿಗೆ ಇದು ಬೇಗ ಅರ್ಥ ಆಗತ್ತೆ. ತೋಟದ ಲೆಕ್ಕ, ಆಳು ಎಲ್ಲ ನೋಡ್ಕೊಂಡು ಇಪ್ಪತ್ತು ವರ್ಷದಿಂದ ಇರೋ ರೈಟರ್ನ ನವೆಂಬರಲ್ಲಿ ಬಿಡ್ಸಿ ನೋಡಿ. ತೋಟ ಅಲ್ಲೇ ಇರತ್ತೆ, ಗಿಡ ಅಲ್ಲೇ ಇರತ್ತೆ, ಹಣ್ಣೂ ಕುಯ್ಕೊಂಡು ಬರ್ತಾರೆ, ನಡೀತಲ್ಲ ಅನ್ಸತ್ತೆ. ಫೆಬ್ರವರಿಲಿ ರೋಬಸ್ಟಾ ಕಾಫಿಗೆ ಹೂ ಬಿಡ್ಲಿ ಅಂತ ನೀರು ಹೊಡಿಬೇಕಾದಾಗ ಯಾವ ಬ್ಲಾಕಿನ ವಾಲ್ವ್ ಜಾಮ್ ಆಗತ್ತೆ, ಯಾವ ಪೈಪ್ ಹೋದ ವರ್ಷ ಒಡೆದಿತ್ತು, ಪಂಪಿಗೆ ಎಷ್ಟು ಹೊತ್ತು ರೆಸ್ಟ್ ಕೊಡ್ಬೇಕು, ಅದು ಯಾವ ಲೆಡ್ಜರಲ್ಲೂ ಬರೆದಿಲ್ಲ. ಹೂವಿಗೆ ನೀರು ಹತ್ತು ದಿನ ತಡ ಆದ್ರೆ ಬೆಳೆ ಏನಾಗತ್ತೆ ಅಂತ ನಿಮಗೆ ನಾನು ಹೇಳ್ಬೇಕಾ. ಒಂದು ಮಾತು ಕಂಪನಿಗಳ ಕಡೆಯಿಂದನೂ ಹೇಳ್ಬೇಕು, ಹುದ್ದೆ ಉಳಿಸಿ ಅಂತ ನಷ್ಟದ ಕಂಪನಿಗೆ ಯಾರೂ ಹೇಳಕ್ಕಾಗಲ್ಲ, ಚಾರ್ಜಿಂಗ್ ಬಿಸಿನೆಸ್ಸಲ್ಲಿ ಲಾಭ ಕಷ್ಟನೇ ಇದೆ. ಚಾರ್ಜ್‌ಪಾಯಿಂಟ್ ಅಂತ ಅಮೆರಿಕದ ಇನ್ನೊಂದು ದೊಡ್ಡ ಕಂಪನಿ 2024 ಒಂದೇ ವರ್ಷದಲ್ಲಿ ಎರಡು ಸಲ, ಜನವರಿಲಿ 12 ಪರ್ಸೆಂಟ್, ಸೆಪ್ಟೆಂಬರಲ್ಲಿ 15 ಪರ್ಸೆಂಟ್ ಜನ ಕಮ್ಮಿ ಮಾಡ್ತು.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಇಟಲಿಯ ಎನೆಲ್ ಗ್ರೂಪಿನ ಎನೆಲ್ ಎಕ್ಸ್ ವೇ ಅನ್ನೋ ಚಾರ್ಜರ್ ಕಂಪನಿ 2024ರ ಅಕ್ಟೋಬರ್ ಶುರುವಲ್ಲಿ ನೋಟಿಸ್ ಕೊಟ್ಟು 11ನೇ ತಾರೀಕು ಅಮೆರಿಕ ಕೆನಡಾದಲ್ಲಿ ಅಂಗಡಿನೇ ಮುಚ್ತು. ಹತ್ತು ದಿನಾನೂ ಟೈಮಿಲ್ಲ! ಮನೆಗೆ ಹಾಕಿದ ಅವರ ಜ್ಯೂಸ್‌ಬಾಕ್ಸ್ ಚಾರ್ಜರ್ ಕರೆಂಟ್ ಕೊಡತ್ತೆ, ಆದ್ರೆ ಆಪ್‌ಗೆ ಸಪೋರ್ಟ್ ಇರಲ್ಲ ಅಂದ್ರು, ಆಫೀಸು ಅಂಗಡಿ ಮುಂದೆ ಹಾಕಿದ ಚಾರ್ಜರ್ ಪೂರ್ತಿ ಕಂಪನಿ ಸರ್ವರ್, ಅಂದ್ರೆ ಎಲ್ಲೋ ದೂರದಲ್ಲಿರೋ ಅವರ ಕಂಪ್ಯೂಟರ್ ಮೇಲೇ ನಿಂತಿದ್ದು, ಅವರ ಪಾಡು ಕೇಳ್ಬೇಡಿ. ಮನೆ ಚಾರ್ಜರ್ ಬಚಾವಾಯ್ತು ಯಾಕಂದ್ರೆ ಅದಕ್ಕೆ ಯಾರ ಅಪ್ಪಣೆನೂ ಬೇಕಾಗಿರ್ಲಿಲ್ಲ. ನಂಗೆ ಈ ಇಡೀ ವಿಷ್ಯದಲ್ಲಿ ಮುಖ್ಯ ಅನ್ಸೋದು ಇದೊಂದೇ.

ಯಾಕೆ ಮುಖ್ಯ ಅಂದ್ರೆ ನಾವಿರೋದು ಕೊಡಗಲ್ಲಿ. ಬೆಂಗಳೂರಲ್ಲಿ ಒಂದು ಚಾರ್ಜರ್ ಕೆಟ್ರೆ ಎರಡು ಕಿಲೋಮೀಟರ್ ಮುಂದೆ ಇನ್ನೊಂದು. ಇಲ್ಲಿ ಎಷ್ಟೋ ಕಡೆ ಮುಂದಿನದ್ದು ಘಾಟಿ ಆಚೆ. ಘಾಟಿ ಬುಡದ ಸಂಪಾಜೆಯಿಂದ ಮಡಿಕೇರಿಗೆ ಹತ್ತತ್ರ 1000 ಮೀಟರ್ ಏರ್ಬೇಕು, ಒಂದೂವರೆ ಟನ್ ಗಾಡಿನ ಅಷ್ಟೆತ್ತರ ಎತ್ತಕ್ಕೇ 4 ಯೂನಿಟ್ ಬೇಕು, ರೋಡಿಗೆ ಗಾಳಿಗೆ ಹೋಗೋದು ಬೇರೆ. ಮಂಗಳೂರಿಂದ ಬರೋನು ಕಿಲೋಮೀಟರ್ ಲೆಕ್ಕ ಹಾಕ್ಕೊಂಡು ಬಂದಿರ್ತಾನೆ, ಎತ್ತರದ ಲೆಕ್ಕ ಹಾಕಿರಲ್ಲ. ರೈಲಂತೂ ನಮ್ಮ ಜಿಲ್ಲೆಗೆ ಇಲ್ವೇ ಇಲ್ಲ, 2018ರ ಆಗಸ್ಟಲ್ಲಿ ಜೋಡುಪಾಲದ ಹತ್ರ ಗುಡ್ಡ ಕುಸಿದಾಗ ಆ ರೋಡೂ ಇರ್ಲಿಲ್ಲ. (ಹಾಂ, ಇಳಿಯೋರಿಗೆ ಒಂದು ಮಾತು, ಮಡಿಕೇರಿಲಿ 100 ಪರ್ಸೆಂಟ್ ತುಂಬ್ಸಿ ಸಂಪಾಜೆಗೆ ಇಳೀಬೇಡಿ, ಇಳಿಜಾರಲ್ಲಿ ಸ್ಪೀಡ್ ಕಮ್ಮಿ ಮಾಡ್ವಾಗ ಮೋಟ್ರಿಂದ ವಾಪಸ್ ಬರೋ ಕರೆಂಟಿಗೆ ಬ್ಯಾಟರಿಲಿ ಜಾಗ ಇರಲ್ಲ, 90ಕ್ಕೆ ನಿಲ್ಸಿ.)

ಹಂಗಾಗಿ ಚಾರ್ಜರ್ ಹಾಕೋರು ಅಗ್ರಿಮೆಂಟಿಗೆ ಸೈನ್ ಮಾಡೋ ಮುಂಚೆ ಕಂಪನಿಯೋರ ಹತ್ರ ಕಿಲೋವ್ಯಾಟ್ ಆಮೇಲೆ ಕೇಳಿ, ಮೊದ್ಲು ಕೇಳಿ, ನೀವಿಲ್ಲದಿದ್ರೆ ಇದು ಓಡತ್ತಾ ಅಂತ. ಓಸಿಪಿಪಿ ಅಂತ ಒಂದಿದೆ, ಚಾರ್ಜರೂ ಸರ್ವರೂ ಮಾತಾಡ್ಕೊಳೋ ಭಾಷೆ, ಎಲ್ಲರಿಗೂ ಓಪನ್. ಮಿಷಿನ್ ಅದನ್ನ ಮಾತಾಡಿದ್ರೆ ಈ ಕಂಪನಿ ಹೋದ್ರೆ ಇನ್ನೊಂದು ಕಂಪನಿ ಸರ್ವರಿಗೆ ಸೇರಿಸ್ಬೋದು, ಆದ್ರೆ ಪಾಸ್‌ವರ್ಡ್ ನಿಮ್ಮ ಕೈಲಿರ್ಬೇಕು, ಲಾಕ್ ಮಾಡಿಟ್ಟಿದ್ರೆ ಭಾಷೆ ಬಂದೂ ಪ್ರಯೋಜನ ಇಲ್ಲ. ಸಿಮ್ ನಿಮ್ಮ ಹೆಸರಲ್ಲೇ ತಗೊಳಿ, ಇಲ್ಲಾ ವೈಫೈಗೆ ಹಾಕ್ಸಿ. ಆಪ್ ಇಲ್ದೆ ಕಾರ್ಡಲ್ಲೋ ಬೀಗದ ಕೀಲೋ ಶುರುವಾಗೋ ವ್ಯವಸ್ಥೆ ಇದ್ಯಾ ಕೇಳಿ. ಸೆಸ್ಕ್, ಅಂದ್ರೆ ನಮ್ಮ ಕಡೆ ಕರೆಂಟ್ ಕೊಡೋ ಕಂಪನಿ, ಅದರ ಮೀಟರ್ ಯಾರ ಹೆಸರಲ್ಲಿ ಅನ್ನೋದು ಇನ್ನೊಂದು, ಚಾರ್ಜರ್ ಕಂಪನಿ ಹೆಸರಲ್ಲಿದ್ದು ಅವರು ಬಿಲ್ ಕಟ್ಟದಿದ್ರೆ ಲೈನ್‌ಮ್ಯಾನ್ ಬಂದು ಫ್ಯೂಸ್ ಕಿತ್ಕೊಂಡು ಹೋಗೋದು ನಿಮ್ಮ ಅಂಗಳದಿಂದಲೇ. ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗಿಗೆ ಕೆಇಆರ್‌ಸಿ, ಅಂದ್ರೆ ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡೋ ಆಯೋಗ, ಬೇರೆ ದರನೇ ಇಟ್ಟಿದೆ, ಮತ್ತೆ ಚಾರ್ಜ್ ಮಾಡ್ಕೊಟ್ಟು ದುಡ್ಡು ತಗೊಳಕ್ಕೆ ಲೈಸೆನ್ಸ್ ಬೇಡ ಅಂತ ಕೇಂದ್ರದ ವಿದ್ಯುತ್ ಸಚಿವಾಲಯ 2018ರಲ್ಲೇ ಹೇಳಿದೆ, ಇದನ್ನ ಸುಮಾರು ಜನ ಹೆದರ್ಕೊಂಡು ಕೇಳ್ತಾರೆ, ಹೆದರ್ಬೇಡಿ.

ಮತ್ತೆ ಎಷ್ಟೇ ದೊಡ್ಡ ಚಾರ್ಜರ್ ಹಾಕ್ಸಿದ್ರೂ ಪಕ್ಕದಲ್ಲಿ ಒಂದು 15 ಆಂಪ್ ಸಾಕೆಟ್, ಅದಕ್ಕೇ ಅಂತ ಬೇರೆ ವೈರು, ಒಳ್ಳೆ ಅರ್ಥಿಂಗು ಹಾಕ್ಸಿಡಿ. ಗ್ರೈಂಡರ್ ಲೈನಿಂದ ಎಳೀಬೇಡಿ. ನಾನೂ ಇನ್ಮೇಲೆ ಎಳೆಯಲ್ಲ.

ಆ ಹುಡ್ಗನ್ನ ಏನಾದ ಅಂತ ಕೇಳ್ತೀರಲ್ಲ, ಮೈಸೂರಲ್ಲಿ ಈಗ ಸೋಲಾರ್ ಕಂಪನಿಲಿ ಇದಾನೆ. ಹೋದ ತಿಂಗಳು ಹೆಂಡ್ತಿ ಮಗು ಕರ್ಕೊಂಡು ದುಬಾರೆಗೆ ಆನೆ ನೋಡಕ್ಕೆ ಬಂದಿದ್ದ, ವಾಪಸ್ ಹೋಗ್ತಾ ಅಕ್ಕನ ಮನೆಗೆ ಹೋಗಿ ಶೆಡ್ಡಲ್ಲಿ ಅರ್ಧ ಗಂಟೆ ಕೂತು ಚಾರ್ಜರ್ ಆಪ್ ಇಲ್ದೆ ಶುರುವಾಗೋ ಥರ ಮಾಡ್ಕೊಟ್ಟ. ಅಕ್ಕ ದುಡ್ಡು ಕೊಟ್ರೆ ಬೇಡ ಅಂದ, ಒಂದು ಬಾಟ್ಲು ಜೇನುತುಪ್ಪ, ಎರಡು ಕೆಜಿ ಕಾಫಿಪುಡಿ ತಗೊಂಡೋದ. ಆಪಲ್ಲಿ ಆ ಚಾರ್ಜರ್ ಇವತ್ತಿಗೂ ಆಫ್‌ಲೈನ್ ಅಂತಾನೇ ತೋರಿಸ್ತಿದೆ.

ಪ್ರಶ್ನೆ ಇದ್ರೆ ಕೇಳಿ.