ಹಳೆ ವಿದ್ಯಾರ್ಥಿಗಳ ಸಂಘ: ವರ್ಷಕ್ಕೊಂದು ಊಟ ಬಿಟ್ಟರೆ ಬೇರೇನಿದೆ?

[ದೃಶ್ಯ: ಇನ್‌ಬಾಕ್ಸ್‌ನಲ್ಲಿ ತೆರೆಯದೇ ಬಿದ್ದಿರುವ ಇಮೇಲ್‌ಗಳ ಸಾಲು]

ನಮಸ್ಕಾರ. ಓದಿದ ವಿಶ್ವವಿದ್ಯಾಲಯದಿಂದ ನಿಮಗೆ ಆಗಾಗ ಇಮೇಲ್ ಬರುತ್ತಿರಬಹುದು. ಒಂದರಲ್ಲಿ ಸಮಾವೇಶಕ್ಕೆ ಬನ್ನಿ ಅಂತ ಇರುತ್ತದೆ, ಇನ್ನೊಂದರಲ್ಲಿ ದೇಣಿಗೆ ಕೊಡಿ ಅಂತ. ಎರಡನ್ನೂ ಬಹಳ ಜನ ತೆರೆಯುವುದೇ ಇಲ್ಲ. ಪದವಿ ಕೈಗೆ ಬಂತು, ಅಲ್ಲಿಗೆ ನಂಟು ಮುಗಿಯಿತು, ಅಲ್ವಾ?

ಹಾಗಿದ್ದರೆ ಈ ಸಂಘಗಳು ಇನ್ನೂರು ವರ್ಷದಿಂದ ಯಾಕೆ ಉಳಿದುಕೊಂಡಿವೆ?

[ದೃಶ್ಯ: ನಕಾಶೆಯಲ್ಲಿ ಮ್ಯಾಸಚೂಸೆಟ್ಸ್. ತೆರೆಯ ಮೇಲೆ: 1821]

ಅಮೆರಿಕದ ಅತಿ ಹಳೆಯ ಸಂಘ ಅಂತ ಹೆಸರಾಗಿರುವುದು ವಿಲಿಯಮ್ಸ್ ಕಾಲೇಜಿನದು. ಅದು ಹುಟ್ಟಿದ್ದು ಸಂಭ್ರಮದಲ್ಲಲ್ಲ, ಭಯದಲ್ಲಿ. ಕಾಲೇಜು ಇದ್ದದ್ದು ದೂರದ ಮೂಲೆಯಲ್ಲಿ. 1821ರಲ್ಲಿ ಕಾಲೇಜಿನ ಅಧ್ಯಕ್ಷರೇ ಅದನ್ನು ಬಿಟ್ಟು, ಒಂದಷ್ಟು ವಿದ್ಯಾರ್ಥಿಗಳನ್ನೂ ಕರೆದುಕೊಂಡು, ಆಮ್‌ಹರ್ಸ್ಟ್‌ನಲ್ಲಿ ಹೊಸ ಕಾಲೇಜು ಕಟ್ಟಲು ಹೊರಟರು. ಇನ್ನು ಇದಕ್ಕೆ ಬಾಗಿಲು ಹಾಕಬೇಕಾದೀತು ಅನ್ನುವ ಮಾತು ಎದ್ದಾಗ, ಅಲ್ಲಿ ಓದಿ ಹೋದವರು ಒಟ್ಟಾದರು. ಎರಡೂ ಕಾಲೇಜು ಇವತ್ತಿಗೂ ಇವೆ. ಅವುಗಳ ಪೈಪೋಟಿಯೂ ಇದೆ!

ಈಗ ಸಂಘದ ಕಚೇರಿ ಒಳಗೆ ಬನ್ನಿ. ಅಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಪಟ್ಟಿ. ಯಾರು, ಯಾವ ಬ್ಯಾಚ್, ಏನು ಓದಿದರು, ಈಗ ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಾರೆ. ಸಮಾವೇಶ, ಪತ್ರಿಕೆ, ಮಾರ್ಗದರ್ಶನ, ದೇಣಿಗೆ ಎಲ್ಲವೂ ಈ ಪಟ್ಟಿಯ ಮೇಲೆಯೇ ನಿಂತಿವೆ.

[ದೃಶ್ಯ: ಒಂದು ದಾಖಲೆ, ಒಂದೊಂದೇ ಸಾಲು ಕೆಂಪಾಗುತ್ತದೆ]

ಒಂದು ಮಾದರಿ ದಾಖಲೆ ನೋಡೋಣ. 1998ರ ಬ್ಯಾಚ್, ರಸಾಯನಶಾಸ್ತ್ರ. ಫೋನ್ ಜಾಗದಲ್ಲಿ ಲ್ಯಾಂಡ್‌ಲೈನ್ ನಂಬರ್, ಅದು ಎಂದೋ ಕಡಿತವಾಗಿದೆ. ವಿಳಾಸ ಅಪ್ಪ-ಅಮ್ಮ ಇದ್ದ ಬಾಡಿಗೆ ಮನೆಯದು. ಇಮೇಲ್‌ಗೆ ಕಳಿಸಿದ್ದೆಲ್ಲ ವಾಪಸ್. ಮದುವೆಯಾದ ಮೇಲೆ ಹೆಸರಿನ ಕೊನೆಯ ಭಾಗವೂ ಬದಲಾಗಿದೆ, ಹುಡುಕಿದರೂ ಸಿಗುವುದಿಲ್ಲ. ಈಕೆ ಇವತ್ತು ಯಾವುದೋ ಔಷಧ ಕಂಪನಿಯ ಲ್ಯಾಬ್ ನಡೆಸುತ್ತಿರಬಹುದು. ಸಂಘದ ಲೆಕ್ಕದಲ್ಲಿ ಮಾತ್ರ ಕಾಣೆಯಾದವರು.

ಇಂಥವರನ್ನು ಪತ್ತೆ ಮಾಡುವುದು ಸಾಫ್ಟ್‌ವೇರ್‌ಗಿಂತ ಜಾಸ್ತಿ ಬ್ಯಾಚ್ ಪ್ರತಿನಿಧಿ. ಪ್ರತಿ ಬ್ಯಾಚ್‌ನಲ್ಲೂ ಒಬ್ಬರು ಇರುತ್ತಾರಲ್ಲ, ಯಾರ ಮದುವೆ ಯಾವಾಗ ಆಯಿತು, ಯಾರು ಯಾವ ದೇಶಕ್ಕೆ ಹೋದರು, ಎಲ್ಲ ಗೊತ್ತಿರುವವರು. ಜಾಣ ಸಂಘಗಳು ಅವರನ್ನೇ ಹಿಡಿದು ಈ ಕೆಲಸ ಒಪ್ಪಿಸುತ್ತವೆ. ಕೆಲವು ವಿಶ್ವವಿದ್ಯಾಲಯಗಳು ಪದವಿ ಮುಗಿದ ಮೇಲೂ ಇಮೇಲ್ ವಿಳಾಸ ಉಳಿಸಿಕೊಡುವುದಕ್ಕೆ ಇದೂ ಒಂದು ಕಾರಣ. ಅದು ನಿಮಗೆ ಉಡುಗೊರೆ, ಅವರಿಗೆ ನಿಮ್ಮ ಜಾಡು.

ಸರಿ, ಪಟ್ಟಿ ಸಿದ್ಧವಾಯಿತು. ಅದರಿಂದ ನಿಮಗೇನು ಲಾಭ?

[ದೃಶ್ಯ: ಚುಕ್ಕೆಗಳ ಜಾಲ. ಹತ್ತಿರದ ಗೆರೆಗಳು ದಪ್ಪ, ದೂರದವು ತೆಳು]

ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಬಾಸ್ಟನ್ ಪಕ್ಕದ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ್ದು ಇಷ್ಟೇ: ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಅಂದವರು ಶೇಕಡಾ 17ರಷ್ಟು ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಯಾವಾಗಲೋ ಒಮ್ಮೆ ಸಿಗುವವರಿಂದ. ಮಾದರಿ ಚಿಕ್ಕದು, ಬರೀ 54 ಜನ. ಆದರೆ ಕಾರಣ ನೇರವಾಗಿದೆ. ಆಪ್ತ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. ಅಂಥವರಿಗೆ ಗ್ರಾನೊವೆಟರ್ ಕೊಟ್ಟ ಉದಾಹರಣೆಗಳಲ್ಲಿ ಮೊದಲನೆಯದೇ ಕಾಲೇಜಿನ ಹಳೆ ಸ್ನೇಹಿತ!

ಆ ತೆಳು ಗೆರೆ ಹರಿಯದಂತೆ ನೋಡಿಕೊಳ್ಳುವುದೇ ಸಂಘದ ಮುಖ್ಯ ಕೆಲಸ ಅಂತ ನನಗನಿಸುತ್ತದೆ. ಆಪ್ತರನ್ನು ಉಳಿಸಿಕೊಳ್ಳಲು ನಮಗೆ ಸಂಘ ಬೇಕಾಗಿಲ್ಲ, ಬ್ಯಾಚ್‌ನ ವಾಟ್ಸಾಪ್ ಗುಂಪು ಸಾಕು. ಹತ್ತು ವರ್ಷ ಮುಂಚೆ ಓದಿ ಹೋದ, ಮುಖವನ್ನೇ ನೋಡದ ಸೀನಿಯರ್ ಆ ಗುಂಪಿನಲ್ಲಿ ಸಿಗುವುದಿಲ್ಲವಲ್ಲ. ಹೊಸ ಊರಿಗೆ ಕೆಲಸಕ್ಕೆ ಹೋದವರಿಗೆ ಅಲ್ಲಿನ ಶಾಖೆ, ಹೊಸದಾಗಿ ಪದವಿ ಪಡೆದವರಿಗೆ ಅದೇ ಕ್ಷೇತ್ರದ ಮಾರ್ಗದರ್ಶಕರು, ಎಲ್ಲವೂ ಇದೇ ಉದ್ದೇಶಕ್ಕೆ. ಸಮಾವೇಶದಲ್ಲಿ ಮಾತ್ರ ಎಲ್ಲರೂ ತಮ್ಮ ಬ್ಯಾಚ್‌ನವರ ಜೊತೆಗೇ ಕೂತು ಎದ್ದು ಬರುತ್ತಾರೆ. ಖುಷಿಗೆ ಸರಿ, ಹೊಸ ಪರಿಚಯಕ್ಕೆ ಅಷ್ಟಕ್ಕಷ್ಟೇ.

ಇನ್ನು ಕೆಲವು ಸಣ್ಣಪುಟ್ಟ ಸೌಲಭ್ಯ ಇರುತ್ತವೆ. ಲೈಬ್ರರಿ ಕಾರ್ಡ್, ಕೆಲವು ಕಡೆ ಜೆಸ್ಟೋರ್‌ನಂಥ ಸಂಶೋಧನಾ ಸಂಗ್ರಹಕ್ಕೆ ಪ್ರವೇಶ, ಉದ್ಯೋಗ ಸಲಹೆ. ನಿಮ್ಮ ಸಂಘದಲ್ಲಿ ಯಾವುದಿದೆ ಅಂತ ಒಮ್ಮೆ ಕೇಳಿ ನೋಡಿ. ಮಾರ್ಕ್ಸ್ ಕಾರ್ಡ್ ಕಳೆದುಹೋದರೆ ಮಾತ್ರ ಸಂಘಕ್ಕೆ ಫೋನ್ ಮಾಡಿ ಪ್ರಯೋಜನವಿಲ್ಲ. ಅದು ಪರೀಕ್ಷಾ ವಿಭಾಗದ ಕೆಲಸ.

[ದೃಶ್ಯ: ನಾಣ್ಯಗಳು. ತೆರೆಯ ಮೇಲೆ: 1890]

ದುಡ್ಡಿನ ವಿಷಯ ಬಿಡುವ ಹಾಗಿಲ್ಲ. ಯೇಲ್ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳು 1890ರಲ್ಲೇ ವಾರ್ಷಿಕ ದೇಣಿಗೆ ನಿಧಿ ಶುರು ಮಾಡಿದರು. ಒಬ್ಬ ಸಿರಿವಂತನಿಂದ ದೊಡ್ಡ ಮೊತ್ತ ಕೇಳುವ ಬದಲು, ಎಲ್ಲರಿಂದಲೂ ಪ್ರತಿ ವರ್ಷ ಕೈಲಾದಷ್ಟು ಕೇಳುವ ಪದ್ಧತಿ ಅದು. "ಹತ್ತು ರೂಪಾಯಿ ಆದರೂ ಕೊಡಿ" ಅನ್ನುವಂಥ ಇಮೇಲ್ ಬಂದಾಗ ನಗು ಬರುತ್ತದೆ, ಆದರೆ ಅದರ ಹಿಂದೆ ಲೆಕ್ಕಾಚಾರವಿದೆ. ನೂರರಲ್ಲಿ ಎಷ್ಟು ಮಂದಿ ಕೊಟ್ಟರು ಅನ್ನುವುದೇ ಒಂದು ಅಳತೆ. ಅಮೆರಿಕದ ಹೆಸರಾಂತ ಕಾಲೇಜು ರ‍್ಯಾಂಕಿಂಗ್ ಒಂದು ಈ ಪ್ರಮಾಣಕ್ಕೂ ಅಂಕ ಕೊಡುತ್ತಿತ್ತು. 2023ರಲ್ಲಿ ಅದನ್ನು ಕೈಬಿಟ್ಟಿತು. ಒಳ್ಳೆಯದೇ ಆಯಿತು. ಕೊಡುವವರ ಸಂಖ್ಯೆಗೂ ಪಾಠದ ಗುಣಮಟ್ಟಕ್ಕೂ ಏನು ಸಂಬಂಧ? ನೀವು ಕೊಡುವುದಾದರೆ ದುಡ್ಡು ಯಾವ ಕೆಲಸಕ್ಕೆ, ವಿದ್ಯಾರ್ಥಿವೇತನಕ್ಕೋ ಕಟ್ಟಡಕ್ಕೋ ಅಂತ ಕೇಳಿ. ಲೆಕ್ಕ ತೋರಿಸದಿದ್ದರೆ ಕೊಡಬೇಡಿ.

ಕೆಲವು ಕಡೆ ದುಡ್ಡಿನ ಜೊತೆ ಅಧಿಕಾರವೂ ಇದೆ. ಹಾರ್ವರ್ಡ್‌ನ ಮೇಲ್ವಿಚಾರಕ ಮಂಡಳಿಯನ್ನು 1865ರಿಂದ ಪದವೀಧರರೇ ಆರಿಸುತ್ತಾ ಬಂದಿದ್ದಾರೆ. ಆಕ್ಸ್‌ಫರ್ಡ್‌ನ ಕುಲಾಧಿಪತಿ ಚುನಾವಣೆಯಲ್ಲೂ ಪದವೀಧರರಿಗೆ ಓಟು ಇದೆ. ಮೊದಲೆಲ್ಲ ಖುದ್ದಾಗಿ ಆಕ್ಸ್‌ಫರ್ಡ್‌ಗೆ ಹೋಗಿ ಓಟು ಹಾಕಬೇಕಿತ್ತು. 2024ರಲ್ಲಿ ಮೊದಲ ಬಾರಿಗೆ ಆನ್‌ಲೈನ್ ಮತದಾನ ನಡೆದು ಬ್ರಿಟನ್‌ನ ಮಾಜಿ ವಿದೇಶಾಂಗ ಸಚಿವ ವಿಲಿಯಂ ಹೇಗ್ ಗೆದ್ದರು. ಅಂಥ ಹಕ್ಕು ಬಳಸಬೇಕಾದರೂ ಮೊದಲು ಪಟ್ಟಿಯಲ್ಲಿ ನೀವು ಸಿಗಬೇಕು.

ಪಟ್ಟಿ ಅಂದ ಮೇಲೆ ಖಾಸಗಿತನದ ಪ್ರಶ್ನೆಯೂ ಇದೆ. ಫೋನ್ ನಂಬರ್ ಯಾರಿಗೆ ಕಾಣಬೇಕು ಅನ್ನುವುದನ್ನು ನೀವೇ ತೀರ್ಮಾನಿಸುವಂತಿರಬೇಕು. ಎಲ್ಲರ ನಂಬರ್ ಇರುವ ಫೈಲ್ ಅನ್ನು ಗುಂಪುಗಳಲ್ಲಿ ಹರಿಬಿಟ್ಟರೆ ಮರುದಿನದಿಂದಲೇ ವಿಮೆ ಮಾರುವವರ ಕಾಟ ಶುರು.

[ದೃಶ್ಯ: ಅಕ್ಕಪಕ್ಕ ಎರಡು ಮೆಸೇಜ್]

ಕೊನೆಯದಾಗಿ, ಡೈರೆಕ್ಟರಿಯಲ್ಲಿ ಒಬ್ಬ ಸೀನಿಯರ್ ಸಿಕ್ಕರು ಅಂತಿಟ್ಟುಕೊಳ್ಳಿ. ಎಡಗಡೆ ನೋಡಿ: "ಸರ್, ನಿಮ್ಮ ಕಂಪನಿಯಲ್ಲಿ ಏನಾದರೂ ಕೆಲಸ ಇದೆಯಾ? ರೆಸ್ಯೂಮೆ ಕಳಿಸಿದ್ದೇನೆ." ಇದಕ್ಕೆ ಉತ್ತರ ಬರುವುದು ಅಪರೂಪ. ಬಲಗಡೆ: "ಮೇಡಂ, ನಾನು ನಿಮ್ಮದೇ ವಿಭಾಗದಲ್ಲಿ ಈ ವರ್ಷ ಓದು ಮುಗಿಸಿದೆ. ನೀವು ಲ್ಯಾಬ್ ಕೆಲಸದಿಂದ ಗುಣಮಟ್ಟ ಪರೀಕ್ಷೆಗೆ ಹೋಗಿದ್ದೀರಿ. ಆ ಬದಲಾವಣೆಗೆ ಬೇರೆ ಕೋರ್ಸ್ ಬೇಕಾಯಿತಾ? ಹದಿನೈದು ನಿಮಿಷ ಮಾತಾಡಲು ಸಾಧ್ಯವೇ?" ಎರಡನೆಯದರಲ್ಲಿ ಅವರು ಉತ್ತರಿಸಬಲ್ಲ ಪ್ರಶ್ನೆ ಇದೆ. ಕೆಲಸ ಕೊಡಿಸುವ ಹೊರೆ ಇಲ್ಲ.

ಮಾತುಕತೆ ಆದ ಮೇಲೆ ಏನಾಯಿತು ಅಂತ ಅವರಿಗೂ, ಸಂಘಕ್ಕೂ ಎರಡು ಸಾಲು ಬರೆದು ತಿಳಿಸಿ. ಮುಂದಿನ ವರ್ಷ ಇದೇ ಪ್ರಶ್ನೆ ಹಿಡಿದು ಬರುವ ಜೂನಿಯರ್‌ಗೆ ಸಂಘದವರು ನಿಮ್ಮ ಹೆಸರನ್ನೇ ಹೇಳುತ್ತಾರೆ. ಆಗ ನಿಮ್ಮ ಫೋನ್ ನಂಬರ್ ಹಳೆಯದಾಗಿರದಿದ್ದರೆ ಸಾಕು.