ಜನವರಿಯಲ್ಲೇ ಹೂಮಳೆ ಬಂದರೆ ಕಾಫಿ ತೋಟದ ಗತಿ ಏನು?

(ದೃಶ್ಯ: ಕಣದಲ್ಲಿ ಹರಡಿದ ಕಾಫಿ ಹಣ್ಣು, ಪಕ್ಕದಲ್ಲಿ ನೀಲಿ ಟಾರ್ಪಾಲು)

ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಕಣದಲ್ಲಿ ನಿಂತಿದ್ದೇನೆ. ಈ ಹಣ್ಣು ನೋಡಿ. ಸಿಪ್ಪೆ ಬಿರಿದಿದೆ, ಮೇಲೆ ಬೂಷ್ಟು, ಕೈಯಾಡಿಸಿದರೆ ಹುಳಿ ವಾಸನೆ. ಮೂರು ದಿನ ಬಿಸಿಲು ಬರಲಿಲ್ಲ, ಅಷ್ಟೇ.

ಮಲೆನಾಡಲ್ಲಿ ಮಳೆ ಬಂದರೆ ಅದೇನು ಸುದ್ದಿ ಅಂತ ಬೆಂಗಳೂರಿನ ಸ್ನೇಹಿತರು ನಗುತ್ತಾರೆ. ಸರಿನೇ, ಮಳೆ ನಮಗೇನು ಹೊಸದಾ? ತಲೆನೋವಿರುವುದು ತಾರೀಖಿನದ್ದು.

(ದೃಶ್ಯ: ರೆಂಬೆಯ ಗಿಣ್ಣಿನಲ್ಲಿ ಮೊಗ್ಗು)

ನಮ್ಮಲ್ಲಿ ಕಾಫಿ ಎರಡು ಜಾತಿ, ರೊಬಸ್ಟಾ ಮತ್ತು ಅರೇಬಿಕಾ. ರೊಬಸ್ಟಾ ಮೊಗ್ಗು ಕಟ್ಟಿಕೊಂಡು ಸುಮ್ನೆ ಕಾಯುತ್ತಿರುತ್ತದೆ. ಫೆಬ್ರವರಿ ಕೊನೆಗೋ ಮಾರ್ಚಲ್ಲೋ ಒಂದಿಂಚು ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ. ಅದೇ ಹೂಮಳೆ. ಎರಡು-ಮೂರು ವಾರ ಬಿಟ್ಟು ಇನ್ನೊಂದು ಮಳೆ ಬೇಕು, ಕಾಯಿ ನಿಲ್ಲೋಕೆ. ಮಳೆ ಕಡಿಮೆ ಬಿದ್ದರೆ ಹೂ ಸರಿಯಾಗಿ ಅರಳುವುದಿಲ್ಲ. ಹೂ ಅರಳಿದ ದಿನವೇ ಜೋರಾಗಿ ಸುರಿದರೂ ಕೆಟ್ಟಿತು, ಯಾಕಂದರೆ ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಮಳೆಯಲ್ಲಿ ಜೇನು ಗೂಡು ಬಿಟ್ಟು ಬರುವುದಿಲ್ಲವಲ್ಲ!

2021ರಲ್ಲಿ ಜನವರಿ ಮೊದಲ ವಾರವೇ ಮಳೆ ಬಂತು. ಗಿಡದಲ್ಲಿ ಹಣ್ಣು ಹಾಗೇ ಇದೆ, ಅದೇ ರೆಂಬೆಯಲ್ಲಿ ಹೂವೂ ಬಂದುಬಿಟ್ಟಿದೆ. ಕೊಯ್ಯಲು ಕೈ ಹಾಕಿದರೆ ಮುಂದಿನ ವರ್ಷದ ಫಸಲು ಉದುರುತ್ತದೆ, ಬಿಟ್ಟರೆ ಈ ವರ್ಷದ್ದು. ಅಪ್ಪ ಎರಡು ದಿನ ತೋಟಕ್ಕೇ ಇಳಿಯಲಿಲ್ಲ. ಅದೇ ವರ್ಷ ನವೆಂಬರಲ್ಲಿ ಅರೇಬಿಕಾ ಕೆಂಪಾಗುವ ಹೊತ್ತಿಗೆ ಮತ್ತೆ ಹಿಡಿದ ಮಳೆ ಬಿಡಲೇ ಇಲ್ಲ. ನೀರು ಕುಡಿದ ಹಣ್ಣು ಗಿಡದಲ್ಲೇ ಒಡೆದು ನೆಲ ಸೇರಿತು.

ಹಾಸನದ ಆಲೂಗಡ್ಡೆಯವರ ಕಥೆ ಇನ್ನೊಂದು ಥರ. ಬಿತ್ತಿದ ಮೇಲೆ ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದರೆ ಅಂಗಮಾರಿ ರೋಗ, ವಾರದೊಳಗೆ ಹೊಲ ಕಪ್ಪು. ಎಷ್ಟೋ ಜನ ಮುಸುಕಿನ ಜೋಳಕ್ಕೆ ಬದಲಾದರು. ಕಾಫಿಯವರು ಹಾಗೆ ಬದಲಾಗೋಕಾಗಲ್ಲ, ಗಿಡ ನೆಟ್ಟರೆ ಫಸಲಿಗೇ ಮೂರ್ನಾಲ್ಕು ವರ್ಷ ಬೇಕು.

ದೊಡ್ಡ ತೋಟದವರಿಗೆ ಕೆರೆ ಇದೆ, ಸ್ಪ್ರಿಂಕ್ಲರ್ ಹಾಕಿ ತಾವೇ ಹೂಮಳೆ ಸುರಿಸುತ್ತಾರೆ. ಒಣಗಿಸೋಕೆ ಡ್ರೈಯರ್ ಕೂಡ ಇದೆ. ನಮ್ಮಂಥ ಮೂರು ಎಕರೆಯವರ ಹೊಂಡ ಫೆಬ್ರವರಿಗೇ ತಳ ಕಾಣುತ್ತದೆ. ಬಿಸಿಲು ಜಾಸ್ತಿಯಾದ ವರ್ಷ ಅರೇಬಿಕಾಗೆ ಕಾಂಡ ಕೊರೆಯುವ ಹುಳದ ಕಾಟ ಬೇರೆ. ಇವೆಲ್ಲ ಮಾಲೀಕರ ಗೋಳು ಅನ್ನಿ.

(ದೃಶ್ಯ: ಗಿಡದ ಬುಡದಲ್ಲಿ ಕೂತು ಹಣ್ಣು ಹೆಕ್ಕುತ್ತಿರುವ ಕೈಗಳು)

ಕೊಯ್ಲಿಗೆ ಬರುವ ಅಕ್ಕನವರಿಗೆ ಕೂಲಿ ಕೆಜಿ ಲೆಕ್ಕ. ಗಿಡದಲ್ಲಿ ಹಣ್ಣು ತುಂಬಿದ್ದರೆ ಚೀಲ ಬೇಗ ತುಂಬುತ್ತದೆ. ಮಳೆ ಬಂದ ದಿನ ಕೊಯ್ಲೇ ಇಲ್ಲ. ಮಳೆ ಬಿಟ್ಟ ಮೇಲೆ ಬಂದರೆ ಹಣ್ಣೆಲ್ಲ ನೆಲದ ಮೇಲೆ, ತರಗೆಲೆ ಸರಿಸಿ ಒಂದೊಂದೇ ಹೆಕ್ಕಬೇಕು, ಜಿಗಣೆ ಕಿತ್ತೆಸೆಯುತ್ತಾ. ಅವತ್ತು ಸಂಜೆ ತಕ್ಕಡಿಗಿಟ್ಟಾಗ ಚೀಲ ಅರ್ಧವೂ ತುಂಬಿರಲಿಲ್ಲ.