ಟಕ್ ಅಂದಿತು, ಗುಂಡು ಹಾರಲಿಲ್ಲ

ಕೇಳುಗರಿಗೆ ನಮಸ್ಕಾರ.

ಇಪ್ಪತ್ತು ವರ್ಷ ನಾನು ಸೈನ್ಯದಲ್ಲಿ ಆರ್ಮರರ್ ಆಗಿದ್ದೆ. ಅಂದರೆ ಬಂದೂಕು ಹಾರಿಸುವುದಕ್ಕಿಂತ ಬಿಚ್ಚಿ ಒರೆಸಿದ್ದೇ ಜಾಸ್ತಿ. ಈಗ ಬ್ಯಾಡಗಿ ಹತ್ತಿರದ ನಮ್ಮೂರಲ್ಲಿ ಹೊಲ ನೋಡಿಕೊಂಡಿದ್ದೇನೆ. ಒಂದು ಜನವರಿ ತಿಂಗಳು, ಬೆಳಗಿನ ಚಹಾ ಹೊತ್ತಿಗೆ ನಮ್ಮ ಕಾಕಾ ಬಂದರು. ಹೆಗಲಲ್ಲಿ ಬಂದೂಕು, ಕಿಸೆಯಲ್ಲಿ ಲೈಸೆನ್ಸು, ಮುಖದಲ್ಲಿ ಸಿಟ್ಟು.

"ತಮ್ಮಾ, ರಾತ್ರಿ ಜೋಳದಾಗ ಹಂದಿ ಹೊಕ್ಕಿದ್ವು. ಬೆದರಸಾಕಂತ ಮ್ಯಾಲೆ ಹಿಡಿದು ಒತ್ತಿದ್ರ ಬರೇ ಟಕ್ ಅಂತು. ಮೂರು ಕಾಡತೂಸು ಹಾಕಿದೆ. ಮೂರೂ ಟಕ್!"

ಅವರದು ಅವರ ತಂದೆ ಕಾಲದ ಹನ್ನೆರಡು ಬೋರಿನ ಸೆಮಿ ಆಟೋಮ್ಯಾಟಿಕ್, ಅಂದರೆ ಒಂದು ಹಾರಿಸಿದರೆ ಮುಂದಿನ ಕಾಡತೂಸು ತಾನಾಗಿಯೇ ಬಂದು ಕೂರುವ ಬಂದೂಕು. ನಮ್ಮ ಕಡೆ ಬೆಳೆ ಕಾಯುವವರ ಮನೆಯಲ್ಲಿ ಒಂಟಿ ನಳಿಗೆ, ಇಲ್ಲಾಂದ್ರೆ ಜೋಡು ನಳಿಗೆ ಬಂದೂಕು ಇರುತ್ತದೆ. ಇಂಥದ್ದು ಬಹಳ ಅಪರೂಪ.

ನಾನು ಮೊದಲು ಕೇಳಿದ್ದು ಒಂದೇ. ಟಕ್ ಅಂದ ಮೇಲೆ ಏನು ಮಾಡಿದಿರಿ? "ಏನ್ ಮಾಡ್ತಾರ, ಲಗೂನ ತೆಗೆದು ಇನ್ನೊಂದು ಹಾಕಿದೆ." ಇದನ್ನು ಕೇಳಿ ನನಗೆ ಎದೆ ಝಲ್ ಅಂದಿತು. ಕೆಲವು ಸಲ ಕಾಡತೂಸಿನೊಳಗಿನ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಆ ಹೊತ್ತಿಗೆ ನೀವು ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ತುಂಡು, ಎಳೆದು ಬಗ್ಗಿ ನೋಡುತ್ತಿದ್ದರೆ? ಟಕ್ ಅಂದರೆ ಬೆರಳು ಟ್ರಿಗರಿನಿಂದ ತೆಗೆಯಿರಿ. ನಳಿಗೆ ಯಾರೂ ಇಲ್ಲದ ಕಡೆಗೇ ಇರಲಿ. ನಿಧಾನವಾಗಿ 30 ಎಣಿಸಿ. ಆಮೇಲೆ ಮುಖ ದೂರ ಇಟ್ಟುಕೊಂಡು ತೆಗೆಯಿರಿ. ಹಂದಿ ಓಡಿ ಹೋದರೆ ಹೋಗಲಿ ಬಿಡಿ.

ಇನ್ನೊಂದು ಇದೆ, ಇದು ಟಕ್‌ಗಿಂತ ಕೆಟ್ಟದ್ದು. ಢಂ ಅನ್ನಬೇಕಾದ್ದು ಠುಸ್ ಅಂದರೆ ಛರ್ರೆಯ, ಅಂದರೆ ಕಾಡತೂಸಿನೊಳಗಿನ ಸಣ್ಣ ಗುಂಡುಗಳ, ಹಿಂದಿನ ಬಿಲ್ಲೆ ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಮೇಲೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳಬಹುದು. ಆಗ ಬಂದೂಕು ಪೂರ್ತಿ ಖಾಲಿ ಮಾಡಿ, ಬೋಲ್ಟ್ ಹಿಂದೆ ನಿಲ್ಲಿಸಿ, ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಲೇಬೇಕು.

ಕಾಕಾ ಆ ಮೂರು ಕಾಡತೂಸು ಎಸೆಯದೆ ತಂದಿದ್ದರು. ಪುಣ್ಯ. ಹಿತ್ತಾಳೆ ಬುಡದ ನಡುವೆ, ಪೆಟ್ಟು ಬಿದ್ದರೆ ಮದ್ದಿಗೆ ಬೆಂಕಿ ಕೊಡುವ ಕೇಪು ಇರುತ್ತದಲ್ಲ, ಅದನ್ನು ಕಿಟಕಿ ಹತ್ತಿರ ಹಿಡಿದು ನೋಡಿದೆ. ಈ ಕೇಪೇ ಎಲ್ಲ ಹೇಳುತ್ತದೆ. ಕೇಪಿಗೆ ಪೆಟ್ಟು ಕೊಡುವ ಸಣ್ಣ ಕಡ್ಡಿ, ಅಂದರೆ ಫೈರಿಂಗ್ ಪಿನ್ನು, ಹೊಡೆದ ಗುಳಿ ಆಳವಾಗಿದ್ದೂ ಹಾರಿಲ್ಲ ಅಂದರೆ ಸಾಮಾನ್ಯವಾಗಿ ತಪ್ಪು ಕಾಡತೂಸಿನದು, ತೇವ ಹಿಡಿದಿರುತ್ತದೆ ಇಲ್ಲವೇ ಹಳತಾಗಿರುತ್ತದೆ. ಗುಳಿ ಆಳವಿಲ್ಲದಿದ್ದರೆ ಹೆಚ್ಚಾಗಿ ತಪ್ಪು ಬಂದೂಕಿನದು. ಗುಳಿಯೇ ಇಲ್ಲದಿದ್ದರೆ ಪಿನ್ನು ಮುರಿದಿರಬಹುದು. ಕಾಕಾರ ಮೂರರಲ್ಲೂ ಉಗುರು ತಾಗಿಸಿದಷ್ಟೇ ಗುರುತಿತ್ತು.

ಯಾಕೆ ಹೀಗೆ ಅಂತ ತಿಳಿಯಲು ಈ ಬಂದೂಕು ಕೆಲಸ ಮಾಡುವ ಬಗೆ ಸ್ವಲ್ಪ ಗೊತ್ತಿರಬೇಕು. ಅಮೆರಿಕದ ಜಾನ್ ಬ್ರೌನಿಂಗ್ 1900ರಲ್ಲಿ ಇಂಥ ಬಂದೂಕಿಗೆ ಪೇಟೆಂಟ್ ಪಡೆದರು. ಗುಂಡು ಹಾರಿದಾಗ ಹೆಗಲಿಗೆ ಒದೆಯುತ್ತದಲ್ಲ, ಆ ಒದೆತದಿಂದಲೇ ನಳಿಗೆಯೂ ಬೋಲ್ಟೂ ಹಿಂದೆ ಸರಿದು ಖಾಲಿ ಕಾಡತೂಸು ಹೊರಗೆ ಬೀಳುತ್ತದೆ. ಆಮೇಲೆ ಬಂದವುಗಳಲ್ಲಿ ಹಲವು ನಳಿಗೆಯ ಸಣ್ಣ ತೂತಿನಿಂದ ಬರುವ ಗ್ಯಾಸಿನ ಬಲದಲ್ಲಿ ನಡೆಯುತ್ತವೆ. ಹೇಗೇ ಇರಲಿ, ಬೋಲ್ಟ್ ಹಿಂದೆ ಹೋಗುವುದು ಮದ್ದಿನ ಬಲದಿಂದ, ಮುಂದೆ ಬಂದು ಮುಚ್ಚಿಕೊಳ್ಳುವುದು ಬರೀ ಸ್ಪ್ರಿಂಗಿನ ಬಲದಿಂದ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ನೋಡಿದ್ದೀರಲ್ಲ? ಮುಚ್ಚಿದ ಹಾಗೆ ಕಾಣುತ್ತದೆ, ಚಿಲಕ ಬೀಳುವುದಿಲ್ಲ. ಬೋಲ್ಟೂ ಹಾಗೆಯೇ. ಕೂದಲೆಳೆಯಷ್ಟು ಹಿಂದೆ ನಿಂತರೂ ಪಿನ್ನಿನ ಪೆಟ್ಟು ಪೂರ್ತಿ ಬೀಳುವುದಿಲ್ಲ. ತೇವಕ್ಕೆ ಉಬ್ಬಿದ ಕಾಡತೂಸು, ಒಳಗೆ ಕಟ್ಟಿದ ಕಸ, ತುಕ್ಕು ಹಿಡಿದ ಸ್ಪ್ರಿಂಗ್, ಯಾವುದೂ ಸಾಕು.

"ಬೋಲ್ಟ್ ಹೆಂಗ ಮುಚ್ಚಿದ್ರಿ?" ಅಂದೆ. ಸಪ್ಪಳ ಆಗಬಾರದು ಅಂತ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟಿದ್ದರಂತೆ! ಇಂಥ ಬಂದೂಕು ಹಿಡಿದು ರಾತ್ರಿ ಕಾಯುವವರು ಮಾಡುವ ತಪ್ಪು ಇದು. ಹಿಡಿಕೆ ಪೂರ್ತಿ ಎಳೆದು ಬಿಟ್ಟುಬಿಡಬೇಕು, ಠಪ್ ಅನ್ನಬೇಕು.

ಆದರೆ ನನಗೆ ಅದೊಂದೇ ಕಾರಣ ಅನ್ನಿಸಲಿಲ್ಲ. "ಹೋದ ಬ್ಯಾಸಗ್ಯಾಗ ಹಿಂಗ ಮುಚ್ಚಿ ಹಾರಿಸಿದ್ದೆ, ಛಲೋ ಹಾರಿತ್ತು" ಅಂದರಲ್ಲ. ನಳಿಗೆ, ಕಾಡತೂಸು ತುಂಬುವ ಜಾಗ ಎರಡನ್ನೂ ಖಾಲಿ ಇದೆಯೇ ಅಂತ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ, ಬೋಲ್ಟ್ ಬಿಚ್ಚಿದೆ. ಪಿನ್ನಿನ ತೂತಿನಿಂದ ಘಮ್ ಅಂತ ಅಡುಗೆಮನೆ ವಾಸನೆ. ಒಳಗೆ ಬೆಳ್ಳಗೆ, ಮೇಣದ ಹಾಗೆ ಏನೋ ಕೂತಿತ್ತು.

ಕೊಬ್ಬರಿ ಎಣ್ಣೆ!

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಚ್ಚಲಮನೆ ಬಾಟಲಿ ತಲೆಕೆಳಗು ಮಾಡಿದರೂ ಬೀಳುವುದಿಲ್ಲ ಅಲ್ವಾ? ಮೇ ತಿಂಗಳ ಬಿಸಿಲಲ್ಲಿ ನೀರಿನ ಹಾಗಿದ್ದ ಎಣ್ಣೆ ಜನವರಿ ರಾತ್ರಿ ಹೊಲದಲ್ಲಿ ಹೆಪ್ಪುಗಟ್ಟಿ ಪಿನ್ನನ್ನು ಹಿಡಿದುಕೊಂಡಿತ್ತು. ಪಿನ್ನು ಮುಂದೆ ಹೋಗುವುದು ಸ್ವಲ್ಪವೇ. ಅದೂ ತಡವರಿಸಿದರೆ ಕೇಪಿಗೆ ಪೆಟ್ಟೆಲ್ಲಿ ಬಿದ್ದೀತು?

ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ. ಮನೆಯಲ್ಲಿ ಹಳೆಯ ಲಾಟೀನಿಗೆ ಇಟ್ಟಿದ್ದು ಒಂದು ಲೋಟ ಇತ್ತು. ಒಲೆಯಿಂದ ದೂರ, ಅಂಗಳದಲ್ಲಿ ಕೂತು ಅದರಲ್ಲಿ ಬೋಲ್ಟ್ ತೊಳೆದೆ. ಹಳೇ ಧೋತರದ ತುಂಡಿನಿಂದ ಒರೆಸಿ ಬಿಸಿಲಿಗೆ ಇಟ್ಟೆ. ಪಿನ್ನಿನ ತೂತು ಒಣಗಿಯೇ ಇರಬೇಕು, ಅಲ್ಲಿ ಎಣ್ಣೆ ಬೇಡ. ಜಾರುವ ಕಡೆ ಬಂದೂಕಿನ ಎಣ್ಣೆ ಒಂದು ಹನಿ ಸಾಕು.

ನಾನು ಮಾಡಿದ್ದು ತೊಳೆದು ಒರೆಸಿದ್ದು ಮಾತ್ರ. ಪಿನ್ನು ಮುರಿದಿದ್ದರೆ, ಪಿನ್ನಿಗೆ ಹೊಡೆಯುವ ಹ್ಯಾಮರಿನ ಸ್ಪ್ರಿಂಗ್ ಸೋತಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ರಿಪೇರಿ ಅಂಗಡಿಗೂ ಲೈಸೆನ್ಸ್ ಬೇಕು. ಸೈನ್ಯದಲ್ಲಿದ್ದವನು ಅಂತ ನನಗೇನೂ ರಿಯಾಯಿತಿ ಇಲ್ಲ. ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ರಾಣೆಬೆನ್ನೂರು ಕಡೆಯ ಕೃಷ್ಣಮೃಗದ ಮೇಲಂತೂ ಬಂದೂಕು ಎತ್ತಲೇಬಾರದು.

ಆ ಮೂರು ಕಾಡತೂಸನ್ನು ಬೇರೆ ಕಟ್ಟಿ, ಲೈಸೆನ್ಸ್ ಇರುವ ಅಂಗಡಿಗೇ ಒಪ್ಪಿಸಿ ಅಂದೆ. ಕಾಕಾ ತಲೆ ಆಡಿಸಿ ಎದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು.

"ಅಲ್ಲೋ ತಮ್ಮಾ, ಹಂಗಾರ ಶೇಂಗಾ ಎಣ್ಣಿ ನಡೀತೈತೇನು?"